ಕಡೇ ಕಂತು ಬರಲೇ ಇಲ್ಲ

(2023ರಲ್ಲಿ ಕ್ಲಾಂಗಿನಲ್ಲಿ ನಡೆದ ನಮ್ಮ ವೇದಿಕೆಯ ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ನನ್ನನ್ನು ಮಾತಾಡೋಕೆ ಕರೆದಾಗ ಅಧ್ಯಕ್ಷರು, "ಏನು ವಿಷಯ ಅಂತ ಹಾಕಲಿ?" ಅಂತ ಕೇಳಿದರು. "ಟಿವಿ ಧಾರಾವಾಹಿ" ಅಂದೆ. ಒಂದು ನಿಮಿಷ ಸುಮ್ಮನಿದ್ದು, "ನೀನು ಅಡಿಗೆಯವನಲ್ವಾ ಮಾರಾಯ, ಸಾಂಬಾರಿನ ಬಗ್ಗೆ ಹೇಳಬಹುದಿತ್ತು" ಅಂದರು. ಸಾಂಬಾರು ಮಧ್ಯಾಹ್ನ ಹೇಗೂ ಎಲೆಗೆ ಬರ್ತದೆ, ಅದು ತನ್ನ ಮಾತು ತಾನೇ ಆಡಲಿ. ನಾನು ಧಾರಾವಾಹಿಯದ್ದೇ ಹೇಳ್ತೇನೆ. ಮುಗಿಯದೇ ಹೋದ ಒಂದು ಧಾರಾವಾಹಿ, ಅದರಿಂದ ನನಗೂ ನಮ್ಮ ಅಮ್ಮನಿಗೂ ಏನಾಯಿತು ಅನ್ನುವುದು. ಕೇಳಿ ನಗುವವರು ನಗಬಹುದು, ನಾನೂ ಆಮೇಲೆ ನಕ್ಕಿದ್ದೇನೆ.

ನನ್ನ ಗುರುತು ಇಲ್ಲದವರಿಗೆ ಎರಡು ಮಾತು. ಊರು ಕುಂದಾಪುರದ ಹತ್ತಿರದ ಒಂದು ಹಳ್ಳಿ. ಅಪ್ಪಯ್ಯ ತೀರಿಕೊಂಡ ಮೇಲೆ ಉಳಿದದ್ದು ಒಂದು ಹಂಚಿನ ಮನೆ, ಒಂದಷ್ಟು ಸಾಲ, ಅಮ್ಮ. ಅಕ್ಕನನ್ನು ಶಿವಮೊಗ್ಗದ ಕಡೆ ಕೊಟ್ಟಿತ್ತು. ನಾನು 2015ರಲ್ಲಿ ಇಲ್ಲಿಗೆ ಬಂದೆ. ಅಲ್ಲಿಂದ ಇಲ್ಲಿತನಕ ಒಂದೇ ಕೆಲಸ: ದೋಸೆ ಕಾವಲಿಯ ಮುಂದೆ ನಿಲ್ಲುವುದು. ಹೋಟೆಲಿನ ಮೇಲೆಯೇ ನಮ್ಮ ರೂಮು. ಆರು ಜನ. ನಾನೊಬ್ಬ ಕನ್ನಡದವನು, ಉಳಿದವರೆಲ್ಲ ತಮಿಳುನಾಡಿನವರು.

ಹೋಟೆಲ್ ಬಾಗಿಲು ಹಾಕುವುದು ರಾತ್ರಿ ಹನ್ನೊಂದಕ್ಕೆ. ಒಲೆ ತೊಳೆದು, ಮರುದಿನಕ್ಕೆ ಹಿಟ್ಟು ರುಬ್ಬಿಟ್ಟು, ಸ್ನಾನ ಮಾಡಿ ಮೇಲೆ ಹೋಗುವಾಗ ಹನ್ನೆರಡೂವರೆ. ಊರಿನಲ್ಲಿ ಆಗ ಹತ್ತು ಗಂಟೆ. ಎರಡೂವರೆ ಗಂಟೆಯ ಲೆಕ್ಕ ನಮಗೆಲ್ಲ ಬಾಯಿಪಾಠ ತಾನೇ? ಇಲ್ಲಿ ನಮ್ಮ ದಿನ ಮುಗಿಯುವಾಗ ಅಲ್ಲಿ ಅಮ್ಮ ಬಾಗಿಲು ಭದ್ರ ಮಾಡಿ ಮಲಗುವ ಹೊತ್ತು. ದಿನಾ ಆ ಹೊತ್ತಿಗೆ ಫೋನ್ ಮಾಡ್ತಿದ್ದೆ. ಅಮ್ಮನದ್ದು ಗುಂಡಿ ಫೋನು. ಮುಖ ಕಾಣುವ ಫೋನು ಕೊಡಿಸ್ತೇನೆ ಅಂದರೆ ಬೇಡ ಅನ್ನುತ್ತಿದ್ದಳು.

ಮೊದಲ ಮೂರು ವರ್ಷ ನಮ್ಮ ಮಾತು ಅಂದರೆ ಮೂರೇ ಪ್ರಶ್ನೆ. ಊಟ ಆಯ್ತಾ? ದುಡ್ಡು ಬಂತಾ? ಯಾವಾಗ ಬರ್ತೆ? ಮೂರನೆಯದಕ್ಕೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಹಾಗಾಗಿ ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯಲ್ಲೂ ಹಾಗೇ ಅಂತ ನನಗೆ ಗೊತ್ತು. ಪ್ರೀತಿ ಇಲ್ಲ ಅಂತ ಅಲ್ಲ, ವಿಷಯವೇ ಇರುವುದಿಲ್ಲ. ಅವಳಿಗೆ ನನ್ನ ಕಾವಲಿ ಗೊತ್ತಿಲ್ಲ, ನನಗೆ ಅವಳ ಹಟ್ಟಿ ಮರೆತು ಹೋಗ್ತಾ ಇದೆ. ನಡುವೆ ಹೇಳುವುದು ಏನನ್ನು?

ಹೀಗಿರುವಾಗ 2018ರ ಜುಲೈಯಲ್ಲಿ ಕಲರ್ಸ್ ಸೂಪರ್ ಚಾನೆಲ್ಲಿನಲ್ಲಿ 'ಮಗಳು ಜಾನಕಿ' ಶುರುವಾಯಿತು. ಟಿ. ಎನ್. ಸೀತಾರಾಮ್ ಅವರ ಧಾರಾವಾಹಿ.

ಸೀತಾರಾಮ್ ಅಂದರೆ ನಮ್ಮ ಮನೆಯಲ್ಲಿ ಹೊಸ ಹೆಸರೇನಲ್ಲ. 1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ' ಬರುವಾಗ ನನಗೆ ಹನ್ನೆರಡು ವರ್ಷ. ಅದನ್ನು ಸೀತಾರಾಮ್ ಅವರ ಜೊತೆಗೆ ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದರು. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಮೇಷ್ಟ್ರ ಮನೆ ಜಗಲಿಯಲ್ಲಿ ಹತ್ತಿಪ್ಪತ್ತು ಹೆಂಗಸರು ಕೂತು ನೋಡುತ್ತಿದ್ದರು. ಎಚ್. ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವತ್ಥ್ ರಾಗ ಹಾಕಿದ ಅದರ ಶೀರ್ಷಿಕೆ ಹಾಡು ಶುರುವಾದ ಕೂಡಲೇ ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಆಮೇಲೆ ಈಟಿವಿ ಕನ್ನಡದಲ್ಲಿ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ' ಬಂದವು. ಸಿ.ಎಸ್.ಪಿ. ಅನ್ನುವ ವಕೀಲನ ಪಾತ್ರವನ್ನು ಸೀತಾರಾಮ್ ತಾವೇ ಮಾಡುತ್ತಿದ್ದರು. ಕೋರ್ಟಿನ ಸೀನು ಬಂದರೆ ಊರಿನ ಗಂಡಸರೂ ಬಂದು ನಿಲ್ಲುತ್ತಿದ್ದರು. ನಮ್ಮ ಕಡೆಯವರಿಗೆ ತಾಳಮದ್ದಲೆ ಕೇಳಿದ ಕಿವಿ. ವಾದಕ್ಕೆ ಪ್ರತಿವಾದ ಬಂದರೆ ಊಟವೂ ಬೇಡ.

ಜಾನಕಿ ಶುರುವಾದ ವಾರವೇ ಅಮ್ಮ ಫೋನಿನಲ್ಲಿ, "ಸೀತಾರಾಮನ ಹೊಸ ಕಥೆ ಬಂತ್ ಮಗಾ, ಹೇಳ್ತೆ ಕೇಳ್" ಅಂದಳು. ಇಲ್ಲಿ ನಮ್ಮ ರೂಮಿನ ಟಿವಿಯಲ್ಲಿ ಬರುವುದು ತಮಿಳು, ಮಲಯು. ಆ ಚಾನೆಲ್ ನನಗೆ ಸಿಗುತ್ತಿರಲಿಲ್ಲ. ಹಾಗಾಗಿ ನಾನು ಜಾನಕಿಯನ್ನು ನೋಡಿದವನಲ್ಲ, ಕೇಳಿದವನು. ಐಪಿಎಸ್ ಆಫೀಸರ್ ಜಾನಕಿಯ ಕಷ್ಟ, ಅವಳ ಧೈರ್ಯ, ಸಿ.ಎಸ್.ಪಿ. ಕೋರ್ಟಿನಲ್ಲಿ ಕೇಳಿದ ಪ್ರಶ್ನೆ, ಎಲ್ಲ ನನಗೆ ಬಂದದ್ದು ಅಮ್ಮನ ಕುಂದಾಪ್ರ ಕನ್ನಡದಲ್ಲಿ. ಎರಡು ನಿಮಿಷದ ಮಾತು ಅರ್ಧ ಗಂಟೆ ಆಯಿತು. ಶುಕ್ರವಾರದ ಕಥೆ ಶನಿವಾರಕ್ಕೂ ಉಳಿಯುತ್ತಿತ್ತು. ಭಾನುವಾರ ನಾವಿಬ್ಬರೂ ಮುಂದೇನಾಗಬಹುದು ಅಂತ ವಾದ ಮಾಡುತ್ತಿದ್ದೆವು.

ಅಮ್ಮ ಕಥೆ ಹೇಳುವುದರಲ್ಲಿ ಒಂದು ವಿಶೇಷ ಇತ್ತು. ಯಾರು ಏನು ಉಟ್ಟಿದ್ದರು, ಮನೆ ಹೇಗಿತ್ತು, ಮುಖ ಹೇಗೆ ಮಾಡಿದರು, ಇದು ಯಾವುದೂ ಬರುತ್ತಿರಲಿಲ್ಲ. ಅವ ಹೀಗೆ ಹೇಳಿದ, ಇವಳು ಹೀಗೆ ಹೇಳಿದಳು, ಬರೀ ಮಾತು. ಆದರೆ ಒಂದು ಮಾತೂ ತಪ್ಪುತ್ತಿರಲಿಲ್ಲ. ಅದು ತಾಳಮದ್ದಲೆಯ ಅಭ್ಯಾಸ ಅಂದುಕೊಂಡಿದ್ದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೇನೆ.

2019ರ ಫೆಬ್ರುವರಿಯಲ್ಲಿ ಟ್ರಾಯ್‌ನ ಹೊಸ ನಿಯಮ ಬಂತಲ್ಲ, ಬೇಕಾದ ಚಾನೆಲ್ ಮಾತ್ರ ಆರಿಸಿ ದುಡ್ಡು ಕಟ್ಟಬೇಕು ಅಂತ. ಆಗ ಅಮ್ಮ, "ಬಾಕಿ ಎಲ್ಲ ತೆಗೆಸ್, ಜಾನಕಿದ್ದ್ ಒಂದ್ ಇರ್ಲಿ" ಅಂದಳು. ಇಲ್ಲಿಂದಲೇ ಡಿಶ್ ರೀಚಾರ್ಜ್ ಮಾಡುತ್ತಿದ್ದೆ. ನನ್ನ ರೂಮಿನ ತಮಿಳು ಹುಡುಗರಿಗೂ ವಿಷಯ ಗೊತ್ತಾಗಿತ್ತು. ನಾನು ಫೋನ್ ಇಟ್ಟ ಕೂಡಲೇ ಕೆಳಗಿನ ಮಂಚದಿಂದ ಒಬ್ಬ ಕೇಳುತ್ತಿದ್ದ, "ಜಾನಕಿಕ್ಕು ಎನ್ನ ಆಚ್ಚು?" ಅಮ್ಮ ನನಗೆ ಕುಂದಾಪ್ರದಲ್ಲಿ ಹೇಳಿದ್ದನ್ನು ನಾನು ಅವನಿಗೆ ಹರಕು ತಮಿಳಿನಲ್ಲಿ ಹೇಳಬೇಕು. ಹೀಗೆ ಒಂದೂಮುಕ್ಕಾಲು ವರ್ಷ ನಡೆಯಿತು.

ಆಮೇಲೆ 2020ರ ಮಾರ್ಚ್ ಬಂತು.

ಇಲ್ಲಿ ಮಾರ್ಚ್ 18ಕ್ಕೆ ಎಂಸಿಒ ಶುರು. ಆ ದಿನಗಳನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಹೋಟೆಲಿನ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ಇಟ್ಟೆವು. ಬರೀ ತಪಾವ್. ದಿನಕ್ಕೆ ನಾನೂರು ದೋಸೆ ಹುಯ್ಯುತ್ತಿದ್ದ ಕಾವಲಿಯಲ್ಲಿ ಮೂವತ್ತು ದೋಸೆ. ಎರಡನೇ ತಿಂಗಳಿನಿಂದ ಅರ್ಧ ಸಂಬಳ. ಮಾಲೀಕನನ್ನು ದೂರುವುದಿಲ್ಲ, ಅವನಿಗೂ ವ್ಯಾಪಾರ ಇರಲಿಲ್ಲ. ಆದರೆ ಊರಿಗೆ ಕಳಿಸುವ ದುಡ್ಡು ಕಡಿಮೆ ಆದರೆ ಅಮ್ಮನಿಗೆ ಗೊತ್ತಾಗ್ತದೆ. ಹಾಗಾಗಿ ಗೆಳೆಯರ ಹತ್ತಿರ ಸಾಲ ಮಾಡಿ, ಮೊದಲು ಎಷ್ಟು ಕಳಿಸುತ್ತಿದ್ದೆನೋ ಅಷ್ಟೇ ಕಳಿಸಿದೆ. "ಇಲ್ಲಿ ಎಂತ ತೊಂದರೆ ಇಲ್ಲ ಅಮ್ಮ, ಹೋಟೆಲ್ ನಡೀತಾ ಉಂಟು" ಅಂದೆ.

ಅಲ್ಲಿ ಕರ್ನಾಟಕದಲ್ಲಿ ಅದೇ ಹೊತ್ತಿಗೆ ಧಾರಾವಾಹಿಗಳ ಚಿತ್ರೀಕರಣ ನಿಂತಿತು. ಒಂದು ಧಾರಾವಾಹಿ ಅಂದರೆ ಪರದೆಯ ಮೇಲೆ ಕಾಣುವ ಹತ್ತು ಮುಖ ಮಾತ್ರ ಅಲ್ಲ. ಲೈಟ್ ಹಿಡಿಯುವವರು, ಮೇಕಪ್‌ನವರು, ಬಟ್ಟೆ ಇಸ್ತ್ರಿ ಮಾಡುವವರು, ಊಟ ಬಡಿಸುವವರು. ಅವರಲ್ಲಿ ಎಷ್ಟೋ ಜನ ನಮ್ಮ ಹಾಗೆ ಕೆಲಸ ಇದ್ದ ದಿನ ಮಾತ್ರ ಕೂಲಿ ಕಾಣುವವರು. ದಿನಾ ಒಂದು ಕಂತು ಪ್ರಸಾರ ಆಗಬೇಕಾದರೆ ದಿನಾ ಅಷ್ಟೂ ಜನ ಕೆಲಸ ಮಾಡಬೇಕು. ಕೈಯಲ್ಲಿ ಮಾಡಿಟ್ಟ ಕಂತು ಇರುವುದು ಕೆಲವೇ ದಿನಕ್ಕೆ. ಅದು ಮುಗಿದ ಕೂಡಲೇ ಚಾನೆಲ್ಲುಗಳು ಹಳೆಯದನ್ನೇ ಮತ್ತೆ ಹಾಕತೊಡಗಿದವು. ದೂರದರ್ಶನದವರು ಮಾರ್ಚ್ 28ರಿಂದ ರಮಾನಂದ ಸಾಗರರ ಹಳೇ 'ರಾಮಾಯಣ'ವನ್ನೇ ಮತ್ತೆ ಹಾಕಿದರು.

"ಲಾಕ್‌ಡೌನ್ ಮುಗಿದ್ ಕೂಡ್ಲೆ ಜಾನಕಿ ಬತ್ತಳ್" ಅಂತ ಅಮ್ಮ ಕಾದಳು. ನಾನೂ ಕಾದೆ. ಮೇ ತಿಂಗಳ ಕೊನೆಯ ವಾರ ಬೆಂಗಳೂರಿನಲ್ಲಿ ಚಿತ್ರೀಕರಣ ಮತ್ತೆ ಶುರುವಾಯಿತು. ಆದರೆ 'ಮಗಳು ಜಾನಕಿ' ಮುಂದುವರಿಯುವುದಿಲ್ಲ ಅಂತ ಆ ತಿಂಗಳಲ್ಲೇ ಸೀತಾರಾಮ್ ತಿಳಿಸಿದರು. ಕಥೆ ನಡುವೆ ನಿಂತಿತ್ತು. ನಿಂತಲ್ಲೇ ಮುಗಿಯಿತು. ಕಡೇ ಕಂತು ಅಂತ ಒಂದು ಇರಲೇ ಇಲ್ಲ. ಮಾರ್ಚಿನಲ್ಲಿ ಯಾವುದು ಪ್ರಸಾರ ಆಗಿತ್ತೋ ಅದೇ ಕಡೆಯದ್ದು. ನೋಡುವವರಿಗೂ ಅದು ಗೊತ್ತಿರಲಿಲ್ಲ, ಮಾಡುವವರಿಗೂ ಗೊತ್ತಿರಲಿಲ್ಲ.

ಅಮ್ಮನಿಗೆ ಪಕ್ಕದ ಮನೆ ಹುಡುಗ ಹೇಳಿದನಂತೆ. ಆ ರಾತ್ರಿ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಜಾನಕಿ ಇನ್ನ್ ಬತ್ತಿಲ್ಯಂಬ್ರ್ ಮಗಾ."

ನೀವು ಕೇಳಬಹುದು, ಒಂದು ಧಾರಾವಾಹಿ ನಿಂತರೆ ಅಷ್ಟು ಬೇಜಾರಾ ಅಂತ. ಆ ವರ್ಷ ಜನ ಸಾಯ್ತಾ ಇದ್ದರು, ಕೆಲಸ ಹೋಗ್ತಾ ಇತ್ತು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಮುಗಿಯುವುದಕ್ಕೂ ನಿಲ್ಲುವುದಕ್ಕೂ ವ್ಯತ್ಯಾಸ ಉಂಟು. ಅದೇ 2020ರ ಜನವರಿಯಲ್ಲಿ ಕಲರ್ಸ್ ಕನ್ನಡದ 'ಅಗ್ನಿಸಾಕ್ಷಿ' ಆರು ವರ್ಷ ನಡೆದು ಮುಗಿದಿತ್ತು. ಪಕ್ಕದ ಮನೆಯ ಅಕ್ಕ ಅದರ ಭಕ್ತೆ. ಕಡೇ ದಿನ ಅತ್ತರಂತೆ, ಸನ್ನಿಧಿಯನ್ನು ಮಗಳ ಹಾಗೆ ಬೀಳ್ಕೊಟ್ಟರಂತೆ. ಮರುದಿನ ಬೆಳಿಗ್ಗೆ ಎಂದಿನಂತೆ ಹಾಲು ಕೊಡಲು ಡೈರಿಗೆ ಹೋದರು. ಅತ್ತು ಮುಗಿಸಿದವರಿಗೆ ಹಾಲು ಕರೆಯೋಕೆ ಆಗ್ತದೆ. ನಮ್ಮ ಅಮ್ಮನಿಗೆ ಅಳುವುದಕ್ಕೆ ಒಂದು ದಿನ ಅಂತ ಸಿಗಲಿಲ್ಲ. ಜೂನ್ ಬಂದರೂ ಆ ಹೊತ್ತಿಗೆ ಟಿವಿ ಹಾಕಿ ಕೂರುತ್ತಿದ್ದಳು.

ಕರಾವಳಿಯವರಿಗೆ ಇದು ಬೇಗ ಅರ್ಥ ಆಗ್ತದೆ. ಯಕ್ಷಗಾನದಲ್ಲಿ ಮಂಗಳ ಹಾಡದೆ ಭಾಗವತರು ಏಳುವುದಿಲ್ಲ. ಮಳೆ ಬರಲಿ, ನೋಡುವವರು ಹತ್ತೇ ಜನ ಉಳಿದಿರಲಿ, ಬೆಳಕು ಹರಿಯುವಾಗ ಮಂಗಳ ಆಗಲೇಬೇಕು. ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚುತ್ತದೆ, ಅದಕ್ಕೂ ಒಂದು ಕ್ರಮ. ಆ ವರ್ಷ ಮೇಳಗಳೂ ತಿರುಗಾಟದ ನಡುವೆಯೇ ನಿಂತು ಹೋದವು. ಅಮ್ಮನಿಗೆ ಒಂದೇ ಬೇಸಿಗೆಯಲ್ಲಿ ಎರಡು ಕಡೆ ಮಂಗಳ ತಪ್ಪಿತು.

ಕಡೇ ಕಂತಿಗಾಗಿ ಕೆಲಸಗಾರರು ಮುಷ್ಕರ ಮಾಡಿದ್ದೂ ಉಂಟು, ಗೊತ್ತಾ? ನಾನು ಹೇಳಿದೆನಲ್ಲ, ರಮಾನಂದ ಸಾಗರರ 'ರಾಮಾಯಣ'. ಅದು ಮೊದಲು ಬಂದದ್ದು 1987ರ ಜನವರಿಯಿಂದ 1988ರ ಜುಲೈವರೆಗೆ. ರಾಮನ ಪಟ್ಟಾಭಿಷೇಕಕ್ಕೆ ಕಥೆ ಮುಗಿಸುವುದು ಅಂತ ಆಗಿತ್ತು. ಪಂಜಾಬಿನ ಜಲಂಧರ್‌ನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಅವರು ವಾಲ್ಮೀಕಿಯನ್ನು ಪೂಜಿಸುವ ಸಮುದಾಯದವರು. ಸೀತೆಗೆ ಆಸರೆ ಕೊಟ್ಟವನು ವಾಲ್ಮೀಕಿ, ಲವಕುಶರನ್ನು ಬೆಳೆಸಿದವನು ವಾಲ್ಮೀಕಿ. ಆ ಭಾಗವೇ ಇಲ್ಲದಿದ್ದರೆ ಅದೆಂಥ ಮುಕ್ತಾಯ ಅಂತ ಅವರ ಪ್ರಶ್ನೆ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಕಸ ರಾಶಿ ಬಿತ್ತು. ಕಡೆಗೆ ಸರ್ಕಾರ ಒಪ್ಪಿತು, ಉತ್ತರ ರಾಮಾಯಣದ ಕಂತುಗಳು ಬಂದವು. ಸಂಬಳಕ್ಕಾಗಿ ಮುಷ್ಕರ ಮಾಡುವುದನ್ನು ಎಲ್ಲರೂ ಕೇಳಿದ್ದೇವೆ. ಕಥೆಯ ಕಡೆ ಹೇಗಿರಬೇಕು ಅಂತ ಮುಷ್ಕರ ಮಾಡಿ ಗೆದ್ದವರು ಅವರು. ಟಿವಿ ಕಥೆ ಬರೀ ಹೊತ್ತು ಕಳೆಯೋಕೆ ಅಂತ ಯಾರಾದರೂ ಅಂದರೆ ನಾನು ಜಲಂಧರದ ಈ ಕಥೆ ಹೇಳ್ತೇನೆ.

ಇನ್ನೊಂದು ಅಮೆರಿಕದ್ದು. ಅಲ್ಲಿ 'ಮ್ಯಾಶ್' ಅಂತ ಒಂದು ಧಾರಾವಾಹಿ ಹನ್ನೊಂದು ವರ್ಷ ನಡೆದಿತ್ತು. ಕೊರಿಯಾ ಯುದ್ಧದ ಒಂದು ಮಿಲಿಟರಿ ಆಸ್ಪತ್ರೆಯ ಕಥೆ. ಯುದ್ಧ ನಡೆದದ್ದು ಮೂರು ವರ್ಷ, ಕಥೆ ನಡೆದದ್ದು ಹನ್ನೊಂದು! 1983ರ ಫೆಬ್ರುವರಿ 28ರಂದು ಅದರ ಕಡೇ ಕಂತು ಬಂದಾಗ ಹತ್ತು ಕೋಟಿಗೂ ಹೆಚ್ಚು ಜನ ನೋಡಿದರಂತೆ. ಮನೆಯಿಂದ ದೂರ, ಒಂದೇ ಡೇರೆಯಲ್ಲಿ ವರ್ಷಗಟ್ಟಲೆ ಇದ್ದವರು ಒಬ್ಬೊಬ್ಬರಾಗಿ ಊರಿಗೆ ಹೊರಡುವುದು ಅದರ ಕಥೆ. ಒಬ್ಬನಿಗೆ ಗೆಳೆಯನ ಹತ್ತಿರ 'ಹೋಗಿ ಬರ್ತೇನೆ' ಅಂತ ಬಾಯಿಬಿಟ್ಟು ಹೇಳೋಕೆ ಆಗುವುದಿಲ್ಲ. ಗೆಳೆಯ ಹೆಲಿಕಾಪ್ಟರ್ ಹತ್ತಿ ಮೇಲೆ ಹೋದಾಗ ಕೆಳಗೆ ನೆಲದ ಮೇಲೆ ಕಲ್ಲುಗಳನ್ನು ಜೋಡಿಸಿ ಆ ಮಾತು ಬರೆದಿಟ್ಟದ್ದು ಕಾಣ್ತದೆ. ಇದನ್ನು ನಾನು ಲಾಕ್‌ಡೌನಿನಲ್ಲಿ ಫೋನಿನಲ್ಲಿ ನೋಡಿದೆ. ಭಾಷೆ ಪೂರ್ತಿ ತಿಳಿಯಲಿಲ್ಲ, ಆದರೆ ಕಲ್ಲು ನೋಡಿದಾಗ ತಿಳಿಯಿತು. ಯಾಕೆಂದರೆ ಅದಕ್ಕೆ ಕೆಲವೇ ದಿನ ಮುಂಚೆ ನಮ್ಮ ರೂಮಿನ ಇಬ್ಬರು ವಂದೇ ಭಾರತ್ ವಿಮಾನದಲ್ಲಿ ಹೋಗಿಬಿಟ್ಟಿದ್ದರು. 'ಜಾನಕಿಕ್ಕು ಎನ್ನ ಆಚ್ಚು' ಅಂತ ಕೇಳುತ್ತಿದ್ದವನೂ ಅವರಲ್ಲಿ ಒಬ್ಬ. ನಸುಕಿನಲ್ಲಿ ಟ್ಯಾಕ್ಸಿ ಬಂದಿದೆ, ನನ್ನನ್ನು ಎಬ್ಬಿಸಲಿಲ್ಲ. ಎದ್ದು ನೋಡಿದರೆ ನನ್ನ ತಲೆದಿಂಬಿನ ಹತ್ತಿರ ಅವನ ಚಾರ್ಜರ್. ನನ್ನದು ಹಾಳಾಗಿ ವಾರ ಆಗಿತ್ತು.

ಈಗ ಅಮ್ಮನ ವಿಷಯಕ್ಕೆ ಬರ್ತೇನೆ.

ಜಾನಕಿ ಇಲ್ಲದೆ ನಮ್ಮ ಮಾತು ಮತ್ತೆ ಎರಡು ನಿಮಿಷಕ್ಕೆ ಇಳಿಯಿತು. ಊಟ ಆಯ್ತಾ, ದುಡ್ಡು ಬಂತಾ, ಯಾವಾಗ ಬರ್ತೆ. ಈ ಸಲ ಮೂರೂ ಪ್ರಶ್ನೆ ಚುಚ್ಚುತ್ತಿತ್ತು. ದುಡ್ಡು ಸಾಲದ್ದು. ಬರುವುದಂತೂ ಸಾಧ್ಯವೇ ಇಲ್ಲ, ಗಡಿ ಮುಚ್ಚಿದೆ, ಹೋದರೆ ಪರ್ಮಿಟ್ ಕತೆ ಏನು ಗೊತ್ತಿಲ್ಲ. ಒಂದು ರಾತ್ರಿ ಅಮ್ಮ, "ನಿಂಗೆ ನನ್ನ್ ಹತ್ರ ಮಾತಾಡುಕೆ ಎಂತದೂ ಇಲ್ಯಾ?" ಅಂದಳು. ನಾನು ಸಿಟ್ಟಿನಲ್ಲಿ, "ನಿನಗೆ ಬೇಕಾದ್ದು ನಾನಲ್ಲ, ನಿನ್ನ ಜಾನಕಿ" ಅಂದುಬಿಟ್ಟೆ. ಫೋನ್ ಇಟ್ಟಳು. ಎರಡು ದಿನ ನಾನೂ ಮಾಡಲಿಲ್ಲ. ಐದು ವರ್ಷದಲ್ಲಿ ಹಾಗೆ ಆದದ್ದು ಅದೊಂದೇ ಸಲ.

ಮೂರನೇ ದಿನ ಮಾಡಿದೆ. ಕ್ಷಮಿಸು ಅಂತ ಹೇಳುವ ಅಭ್ಯಾಸ ನಮ್ಮ ಕಡೆ ಇಲ್ಲ. ಅದರ ಬದಲು, "ಅಮ್ಮ, ಸೀತಾರಾಮ್ ಹೇಳದಿದ್ದರೆ ಬೇಡ. ಮುಂದಿನ ಕಥೆ ನೀನೇ ಹೇಳು" ಅಂದೆ. ಮೊದಲು ನಕ್ಕಳು. "ನಾನ್ ಎಂತ ಹೇಳುದ್ ಮಾರಾಯ" ಅಂದಳು. ಆಮೇಲೆ ಶುರು ಮಾಡಿದಳು. ಕೋರ್ಟಿನಲ್ಲಿ ಕೇಸು ಗೆಲ್ಲಿಸಿದಳು. ಕೆಟ್ಟವರನ್ನೆಲ್ಲ ಜೈಲಿಗೆ ಹಾಕಿಸಿದಳು. ಕಡೆಗೆ ಜಾನಕಿ ರಜೆ ಹಾಕಿ ಮನೆಗೆ ಬಂದು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಊಟ ಮಾಡಿದಳು. "ಐಪಿಎಸ್ ಆಫೀಸರ್ ಗಂಜಿ ಊಟ ಮಾಡ್ತಾಳಾ?" ಅಂದೆ. "ಐಪಿಎಸ್ ಆದ್ರೆ ಹಸಿವ್ ಆತಿಲ್ಯಾ?" ಅಂದಳು.

ಗಂಜಿ ಊಟಕ್ಕೆ ಬಂದವಳು ಯಾರು ಅಂತ ನನಗೆ ಗೊತ್ತಾಯಿತು. ಗೊತ್ತಾಗದ ಹಾಗೆ ಮಾತು ಮುಂದುವರಿಸೋಣ ಅಂತ ಸುಮ್ಮನೆ ಒಂದು ಪ್ರಶ್ನೆ ಕೇಳಿದೆ: "ಮಾರ್ಚಿನಲ್ಲಿ ಕಡೇ ಸಲ ಬಂದಾಗ ಜಾನಕಿ ಯೂನಿಫಾರ್ಮಿನಲ್ಲಿದ್ದಳಾ, ಸೀರೆ ಉಟ್ಟಿದ್ದಳಾ?"

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಲೈನ್ ಹೋಯಿತು ಅಂದುಕೊಂಡೆ. ಆಮೇಲೆ ಮೆಲ್ಲಗೆ, "ಮೋರೆ ಕಾಂತಿಲ್ಲ ಮಗಾ. ಸ್ವರ ಮಾತ್ರ ಕೇಂಬುದ್" ಅಂದಳು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ವರ್ಷಕ್ಕೂ ಮೇಲಾಗಿತ್ತಂತೆ. ಅಷ್ಟೂ ದಿನ ಜಾನಕಿಯನ್ನು ಅವಳೂ ನನ್ನ ಹಾಗೆ ಕೇಳಿದ್ದೇ. ಸೀರೆ, ಮನೆ, ಮುಖ ಯಾವುದೂ ಅವಳ ಕಥೆಯಲ್ಲಿ ಯಾಕೆ ಇರುತ್ತಿರಲಿಲ್ಲ ಅಂತ ಆಗ ತಿಳಿಯಿತು. ಮುಖ ಕಾಣುವ ಫೋನು ಯಾಕೆ ಬೇಡ ಅಂದದ್ದು ಅಂತಲೂ ತಿಳಿಯಿತು. ಏಪ್ರಿಲಿನಲ್ಲಿ ಆಪರೇಷನ್ ಮಾಡುವುದು ಅಂತ ಆಗಿತ್ತಂತೆ, ಲಾಕ್‌ಡೌನಿಗೆ ಅದೂ ಮುಂದೆ ಹೋಯಿತು. ನನಗೆ ಯಾಕೆ ಹೇಳಲಿಲ್ಲ ಅಂದರೆ, "ನೀ ಸಾಲ ಮಾಡಿ ದುಡ್ಡ್ ಕಳ್ಸ್ತೆ ಅಂದೇಳಿ" ಅಂದಳು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಾಲ ಮಾಡಬಾರದು ಅಂತ ಅವಳು ಕಣ್ಣಿನ ವಿಷಯ ಮುಚ್ಚಿಟ್ಟಿದ್ದಳು. ಅವಳಿಗೆ ಚಿಂತೆ ಆಗಬಾರದು ಅಂತ ನಾನು ಸಾಲ ಮಾಡಿಯೇ ದುಡ್ಡು ಕಳಿಸುತ್ತಿದ್ದೆ. ಆ ರಾತ್ರಿ ಅರ್ಧ ಸಂಬಳದ ವಿಷಯ ನಾನೂ ಹೇಳಿದೆ. ಅಮ್ಮ ಬೈದಳು. ಚೆನ್ನಾಗಿ ಬೈದಳು. ಬೈದು ಮುಗಿಸಿ, "ನೀ ಕಳ್ಸಿದ್ ದುಡ್ಡಂಗೆ ಅರ್ಧ ಪೆಟ್ಟಿಗೆಲೇ ಇತ್ತ್, ಈ ತಿಂಗ್ಳ್ ಕಳ್ಸ್‌ಬೇಡ" ಅಂದಳು. ಇಲ್ಲಿ ಮೂರು ಗಂಟೆ ಆಗಿತ್ತು. ಬೆಳಿಗ್ಗೆ ಐದಕ್ಕೆ ಏಳಬೇಕು. ಆದರೂ ಐದು ವರ್ಷದಲ್ಲಿ ನಾವಿಬ್ಬರೂ ಸರಿಯಾಗಿ ಮಾತಾಡಿದ್ದು ಅವತ್ತೇ.

ಗೆಳೆಯರೇ, ನಾನು ಇಲ್ಲಿ ಹೇಳಬೇಕು ಅಂತ ಬಂದದ್ದು ಇಷ್ಟನ್ನೇ. ಜಾನಕಿ ನಮ್ಮಿಬ್ಬರ ನಡುವೆ ಸೇತುವೆ ಅಂತ ನಾನು ಅಂದುಕೊಂಡಿದ್ದೆ. ಸೇತುವೆ ಹೌದು, ಸುಳ್ಳಲ್ಲ. ಅವಳಿಲ್ಲದಿದ್ದರೆ ಎರಡು ನಿಮಿಷ ದಾಟುತ್ತಿರಲಿಲ್ಲ. ಆದರೆ ಅದು ತೆರೆಯೂ ಆಗಿತ್ತು. ಯಕ್ಷಗಾನದಲ್ಲಿ ಒಡ್ಡೋಲಗಕ್ಕೆ ಮುಂಚೆ ಇಬ್ಬರು ತೆರೆ ಹಿಡಿಯುತ್ತಾರಲ್ಲ, ಹಾಗೆ. ಒಂದು ತುದಿ ಅಮ್ಮ ಹಿಡಿದಿದ್ದಳು, ಒಂದು ತುದಿ ನಾನು. ಜಾನಕಿಯ ಕಷ್ಟ ಮಾತಾಡುತ್ತಾ ನಮ್ಮ ಕಷ್ಟ ಹೇಳದೆ ಉಳಿದೆವು. ಧಾರಾವಾಹಿ ನಿಂತಾಗ ಕೈಯಿಂದ ತೆರೆ ಜಾರಿತು. ಒಂದು ಒಳ್ಳೆಯ ಕಡೇ ಕಂತು ಬಂದಿದ್ದರೆ ನಾವಿಬ್ಬರೂ ಅತ್ತು, ಸಮಾಧಾನ ಮಾಡಿಕೊಂಡು, ಇನ್ನೊಂದು ಧಾರಾವಾಹಿ ಹಿಡಿಯುತ್ತಿದ್ದೆವೋ ಏನೋ. ಹಾಗಂತ ನಿಂತದ್ದೇ ಒಳ್ಳೆಯದಾಯಿತು ಅಂತ ನಾನು ಹೇಳುವುದಿಲ್ಲ. ಆ ತಂಡದವರ ಕೆಲಸ ಹೋಯಿತು, ಅಷ್ಟು ಜನ ನೋಡುವವರಿಗೆ ಬೇಜಾರಾಯಿತು. ಅಮ್ಮನಿಗೆ ಈಗಲೂ ಆ ಬೇಜಾರು ಹೋಗಿಲ್ಲ.

ಆಮೇಲಿನದ್ದು ಚುಟುಕಾಗಿ ಹೇಳ್ತೇನೆ. 2021ರ ಜನವರಿಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು, ಅಕ್ಕ ಬಂದು ನಿಂತಳು. ಇನ್ನೊಂದು ಕಣ್ಣಿನದ್ದು ಎರಡನೇ ಅಲೆ ಮುಗಿದ ಮೇಲೆ. 2022ರ ಏಪ್ರಿಲ್ 1ಕ್ಕೆ ಇಲ್ಲಿ ಗಡಿ ತೆರೆಯಿತು. ಆ ವರ್ಷ ದೀಪಾವಳಿಗೆ ನಾನು ಊರಿಗೆ ಹೋದೆ. ಬಸ್ಸಿನಿಂದ ಇಳಿದು ಗದ್ದೆ ಅಂಚಿನಲ್ಲಿ ಬರುವಾಗಲೇ ಅಮ್ಮ ಜಗಲಿಯಿಂದ, "ಎಷ್ಟ್ ತಪ್ಪಾಯ್ದೆ ಮಗಾ!" ಅಂತ ಕೂಗಿದಳು. ದಪ್ಪ ಆಗಿದ್ದೇನೋ ತೆಳ್ಳಗಾಗಿದ್ದೇನೋ ಅನ್ನುವುದು ಬೇರೆ ಮಾತು, ಅಷ್ಟು ದೂರದಿಂದ ಕಂಡಿತಲ್ಲ! ಅವತ್ತು ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯೇ ಬೇಕು ಅಂದೆ. ಹಬ್ಬದ ದಿನ ಗಂಜಿಯಾ ಅಂತ ಅಕ್ಕ ಬೈದಳು. ಅಮ್ಮ ಏನೂ ಹೇಳದೆ ಬಡಿಸಿದಳು.

ಅದೇ ಸಮಯಕ್ಕೆ ಸಿರಿ ಕನ್ನಡ ಚಾನೆಲ್ಲಿನಲ್ಲಿ ಸೀತಾರಾಮ್ ಅವರ 'ಮತ್ತೆ ಮಾಯಾಮೃಗ' ಶುರುವಾಯಿತು. ನಾನು ಹನ್ನೆರಡು ವರ್ಷದವನಿದ್ದಾಗಿನ ಕಥೆಯ ಮುಂದುವರಿಕೆ, ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ. ಒಂದು ರಾತ್ರಿ ನಾನೂ ಅಮ್ಮನೂ ಜೊತೆಗೆ ಕೂತು ನೋಡಿದೆವು. ಕನ್ನಡಕ ಹಾಕಿಕೊಂಡು ಒಬ್ಬೊಬ್ಬರ ಮುಖ ನೋಡಿ, "ಇವ್ರಿಗ್ ಎಷ್ಟ್ ವಯಸ್ಸಾಯ್ತ್!" ಅಂತ ಲೆಕ್ಕ ಹಾಕುತ್ತಿದ್ದಳು. ಕಥೆ ಕೇಳಿಸಿಕೊಳ್ಳಲೇ ಇಲ್ಲ.

ಈಗಲೂ ರಾತ್ರಿ ಹನ್ನೆರಡೂವರೆಗೆ ಫೋನ್ ಮಾಡ್ತೇನೆ. ಈಗ ನಮ್ಮದೊಂದು ಕರಾರು ಉಂಟು. ಮೊದಲು ಮೈ ಹೇಗಿದೆ, ಕೈಯಲ್ಲಿ ದುಡ್ಡು ಎಷ್ಟಿದೆ, ಸಾಲ ಎಷ್ಟಿದೆ, ನಿಜ ಹೇಳಬೇಕು. ಆಮೇಲೆ ಧಾರಾವಾಹಿ. ನೀವು ಯಾರಾದರೂ ಇವತ್ತು ರಾತ್ರಿ ಮನೆಗೆ ಫೋನ್ ಮಾಡುವವರಿದ್ದರೆ, ಅವರು ನೋಡುವ ಧಾರಾವಾಹಿಯ ಕಥೆ ಕೇಳಿ. ಅದನ್ನು ಕೀಳು ಅಂತ ತಿಳಿಯಬೇಡಿ, ಅವರಿಗೆ ನಮ್ಮ ಹತ್ತಿರ ಹೇಳೋಕೆ ಅದೊಂದೇ ದಾರಿ ಇರಬಹುದು. ಕಥೆ ಮುಗಿದ ಮೇಲೆ ಫೋನ್ ಇಡಬೇಡಿ. ಒಂದು ನಿಮಿಷ ಕಾಯಿರಿ. ಹೇಳಬೇಕಾದ್ದು ಕೆಲವು ಸಲ ಆಮೇಲೆ ಬರ್ತದೆ.

ಮೊನ್ನೆ ಅಮ್ಮನಿಗೆ, ಕೂಟದಲ್ಲಿ ನಿನ್ನ ವಿಷಯ ಮಾತಾಡ್ತೇನೆ ಅಂದೆ. "ನನ್ನದ್ ಬೇಡ, ಜಾನಕಿದ್ದ್ ಹೇಳ್" ಅಂದಳು. ಎರಡನ್ನೂ ಹೇಳಿದ್ದೇನೆ. ಮನೆಗೆ ಯಾರೂ ತಿಳಿಸಬೇಡಿ.

ಸಾಂಬಾರು ಕುದೀತಾ ಇದೆ, ನಾನು ಒಳಗೆ ಹೋಗ್ತೇನೆ.